ಅಕ್ಕಯಮ್ಮನ ಹಾಡಿನ ಹಿಂದೆ ಕೇಳಿದ ರೇಡಿಯೋ

ಇದನ್ನು ಬರೆಯಬೇಕೆಂದು ಎರಡು ಸಲ ಕೂತು ಎದ್ದಿದ್ದೇನೆ. ಮೊದಲ ಸಲ ಕೂತದ್ದು ನಿವೃತ್ತಿಯಾದ ವರ್ಷ. ಮೈಕಿನ ವಿಷಯ, ತಂತಿಯ ವಿಷಯ ನಾಲ್ಕು ಹಾಳೆ ಬರೆದೆ. ನಿಜವಾಗಿ ಬರೆಯಬೇಕಾದದ್ದು ಹತ್ತಿರ ಬಂದ ಕೂಡಲೇ ಪೆನ್ನಿನ ಕ್ಯಾಪು ಹಾಕಿದೆ. ಎರಡನೆಯ ಸಲ ಕೂತಾಗ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಡಾಕ್ಟರು ಕಣ್ಣಿಗೆ ಕೆಲಸ ಕೊಡಬೇಡಿ ಅಂದದ್ದೇ ನೆಪವಾಯಿತು. ಈಗ ನೆಪಗಳು ಮುಗಿದಿವೆ, ವಯಸ್ಸೂ ಮುಗಿಯುತ್ತಾ ಬಂದಿದೆ.

ಈಚೆಗೆ ಹಳೆಯ ವಾಲ್ವ್ ಮೈಕುಗಳಿಗೆ ಮತ್ತೆ ಬೇಡಿಕೆ ಬಂದಿದೆಯಂತೆ. ರೆಕಾರ್ಡಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರು ಯಾರಿಂದಲೋ ವಿಳಾಸ ತಿಳಿದುಕೊಂಡು ಕೋಲಾರದ ನಮ್ಮ ಮನೆಗೆ ಬರುತ್ತಾರೆ. "ತಾತ, ಹಾಡಿನ ಹಿಂದೆ ರೇಡಿಯೋ ಕೇಳ್ತಾ ಇದೆ, ಏನ್ಮಾಡೋದು?" ಅನ್ನುತ್ತಾರೆ. ಮೊದಲು ನಿನ್ನ ಪ್ಲಗ್ಗು ಬಿಚ್ಚಿ ನೋಡು ಅನ್ನುತ್ತೇನೆ. ಖುಷಿಯಾಗಿ ಹೋಗುತ್ತಾರೆ. ಈ ಒಂದು ಮಾತನ್ನು ನಾನು ಯಾರ ಹೊಟ್ಟೆಯ ಮೇಲೆ ಹೊಡೆದು ಕಲಿತೆ ಎಂದು ಅವರಿಗೆ ಹೇಳಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳು ಕೇಳದೆಯೇ ಹೋದಳು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೋಲಾರದಲ್ಲಿ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಆರು ವರ್ಷ ಬೆಸುಗೆ ಹಾಕುತ್ತಿದ್ದೆ. ಎಪ್ಪತ್ತರ ದಶಕದ ಮೊದಲಲ್ಲಿ ನಮ್ಮ ಕಡೆಯ ಹಳ್ಳಿಯ ಹಾಡುಗಳನ್ನು ಟೇಪಿನಲ್ಲಿ ಸಂಗ್ರಹಿಸುವ ಒಂದು ಸಂಸ್ಥೆಗೆ ಸಹಾಯಕ ಬೇಕಾಗಿತ್ತು. ಸೇರಿಕೊಂಡೆ. ಕೆಲಸ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಸಾಹೇಬರು ಒಂದು ಸಾಲು ಬರೆದರೆ ಮುಂದುವರಿಕೆ, ಬರೆಯದಿದ್ದರೆ ಮನೆ. ಸಾಹೇಬರ ಹೆಸರು ಶ್ರೀಕಂಠಯ್ಯ. ಬಡಕಲು ಮನುಷ್ಯ, ದೊಡ್ಡ ದನಿಯಲ್ಲಿ ಯಾರನ್ನೂ ಬೈದವರಲ್ಲ. ತಪ್ಪು ಸಿಕ್ಕಿದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಅಷ್ಟೆ. ಅವರ ಕೈ ಕನ್ನಡಕದ ಕಡೆ ಹೋದರೆ ನಾನು ಮುಂದುವರಿಕೆಗೆ ಇನ್ನೆಷ್ಟು ತಿಂಗಳು ಎಂದು ಎಣಿಸುತ್ತಿದ್ದೆ.

ನಮ್ಮ ಮೈಕು ಮದರಾಸಿನ ಸಿನಿಮಾ ಸ್ಟುಡಿಯೋ ಒಂದು ಮಾರಿದ ಹಳೆಯ ಮಾಲು. ಒಂದು ಸೇರಿನ ಡಬ್ಬದಷ್ಟು ದಪ್ಪ, ಕೈಗೆ ಕಲ್ಲಿನ ಹಾಗೆ ಭಾರ. ಅದರ ತಲೆಯಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಒಂದು ಪೊರೆ. ದನಿ ತಾಗಿ ಪೊರೆ ಅಲುಗಿದಾಗ ಹುಟ್ಟುವ ವಿದ್ಯುತ್ತು ಇದೆಯೋ ಇಲ್ಲವೋ ಎಂಬಷ್ಟು ಅಲ್ಪ. ಅದನ್ನು ಎತ್ತಿ ದೊಡ್ಡದು ಮಾಡಲು ಒಳಗೇ ಒಂದು ಗಾಜಿನ ವಾಲ್ವು ಕೂತಿರುತ್ತದೆ. ಆ ವಾಲ್ವಿಗೆ ಇದು ಹಾಡುವವಳ ದನಿ, ಇದು ಗಾಳಿಯಲ್ಲಿ ಹಾದುಹೋಗುವ ರೇಡಿಯೋ ಅಲೆ ಎಂಬ ಭೇದವಿಲ್ಲ. ಒಳಗೆ ಬಿಟ್ಟರೆ ಎರಡನ್ನೂ ಎತ್ತುತ್ತದೆ. ಒಳಗೆ ಬಿಡದಂತೆ ತಡೆಯುವುದು ತಂತಿಯ ಮೈಗೆಲ್ಲ ಹೆಣೆದಿರುವ ತಾಮ್ರದ ಜಾಲರಿ. ಆ ಜಾಲರಿ ಪ್ಲಗ್ಗಿನ ಹತ್ತಿರ ಕಡಿದುಹೋದರೆ ನೂರಡಿ ತಂತಿಯೇ ಏರಿಯಲ್ಲಾಗುತ್ತದೆ, ಮೈಕು ತಾನೇ ರೇಡಿಯೋ ಆಗಿ ಕೂರುತ್ತದೆ. ಜಾಲರಿಯನ್ನು ಪ್ಲಗ್ಗಿನ ಸುತ್ತಲೂ ಬಳೆಯ ಹಾಗೆ ಬೆಸೆಯಬೇಕು, ಜಡೆ ಹೆಣೆದು ಒಂದು ಕಡೆ ಅಂಟಿಸಿ ಕೈ ತೊಳೆದುಕೊಳ್ಳಬಾರದು ಎಂದು ಸಾಹೇಬರು ಮೊದಲ ದಿನವೇ ಹೇಳಿದ್ದರು. ಜೊತೆಗೆ ಹೋದ ಕಡೆಯೆಲ್ಲ ಕಬ್ಬಿಣದ ಗೂಟ ಹೊಡೆದು ನೀರು ಸುರಿದು ನೆಲಕ್ಕೆ ತಂತಿ ಕೊಡಬೇಕು, ಅಂದರೆ ಅರ್ತು.

ಹೇಳಿದ್ದು ನೆನಪಿತ್ತು. ನೆನಪಿರುವುದೇ ಬೇರೆ, ಮಾಡುವುದೇ ಬೇರೆ.

ಮೊದಲ ವರ್ಷ ಕೋಲಾರದ ಒಂದು ಛತ್ರದಲ್ಲಿ ಹರಿಕಥೆ ರೆಕಾರ್ಡ್ ಮಾಡುತ್ತಿದ್ದೆವು. ದಾಸರು ಇನ್ನೇನು ಕಣ್ಣೀರು ತರಿಸಬೇಕು, ಆಗ ಹೆಡ್‌ಫೋನಿನಲ್ಲಿ ಗೊರ್ ಅಂತ ಗರಗಸದ ಸದ್ದು. ಹತ್ತು ನಿಮಿಷ ಇದ್ದು ನಿಂತಿತು. ಮತ್ತೆ ಬಂತು. ಪ್ಲಗ್ಗು ಸರಿಯಾಗಿತ್ತು, ಅರ್ತೂ ಇತ್ತು. ಇದು ಎಲ್ಲಿಂದ ಬರುತ್ತಿದೆ ಎಂದು ಸಾಹೇಬರು ನನ್ನ ಕೈಗೆ ಒಂದು ಟ್ರಾನ್ಸಿಸ್ಟರು ಕೊಟ್ಟು ಬೀದಿಗೆ ಕಳಿಸಿದರು. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಗೊರಗೊರ ಜಾಸ್ತಿಯಾದ ಕಡೆ ಹೆಜ್ಜೆ ಹಾಕುವುದು. ಇದು ಇವತ್ತಿಗೂ ಒಳ್ಳೆಯ ಉಪಾಯ. ಮೂರನೆಯ ಕಟ್ಟಡ ಒಂದು ಖಾಸಗಿ ದವಾಖಾನೆ. ಒಳಗೆ ಒಬ್ಬ ಅಜ್ಜಿಯ ಮಂಡಿಗೆ ವಿದ್ಯುತ್ತಿನ ಶಾಖ ಕೊಡುವ ಯಂತ್ರ ಹಚ್ಚಿದ್ದರು. ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಡಾಕ್ಟರನ್ನು ಕೈಮುಗಿದು ಕೇಳಿದೆ. ಉತ್ತರ ಕೊಟ್ಟದ್ದು ಅಜ್ಜಿ.

"ಏನಪ್ಪಾ, ದಾಸಯ್ಯ ನಾಳೆನೂ ಅಳಿಸ್ತಾನೆ. ನನ್ನ ಮಂಡಿಗೆ ನಾಳೆ ಬಸ್ ಚಾರ್ಜು ನೀನ್ ಕೊಡ್ತೀಯಾ?"

ಅಜ್ಜಿಯ ಶಾಖ ಮುಗಿಯುವ ತನಕ ದಾಸರಿಗೆ ಕಾಫಿ ಕುಡಿಸಿ ಕೂರಿಸಿದೆವು. ಆ ದಿನ ಸಾಹೇಬರು ನಕ್ಕರು.

ನಂಗಲಿಯಲ್ಲಿ ಅವರು ನಗಲಿಲ್ಲ. ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿಗೆ ಅಂಟಿದ ಊರು. ಹೆದ್ದಾರಿಯ ಪಕ್ಕದ ತೋಪಿನಲ್ಲಿ ತಂಬೂರಿ ಮೀಟಿ ತೆಲುಗಿನಲ್ಲಿ ಬುರ್ರಕಥೆ ಹೇಳುವ ಮೂವರನ್ನು ಕೂರಿಸಿದ್ದೆವು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಟಿಕ್ ಎಂದು ಗಡಿಯಾರದಂಥ ಸದ್ದು. ಲಾರಿಗಳದ್ದೇ ಎಂದು ತೀರ್ಮಾನಿಸಿದೆ. ಕೆಂಪು ಟವೆಲ್ಲು ಬೀಸಿಕೊಂಡು ರಸ್ತೆಗೆ ಓಡಿ ಎರಡು ಲಾರಿ ನಿಲ್ಲಿಸಿದೆ.

ಒಬ್ಬ ಡ್ರೈವರು ತಲೆ ಹೊರಗೆ ಹಾಕಿ, "ಏಮಯ್ಯಾ, ರೋಡ್ಡು ಮೀ ಮಾಮದಾ?" ಅಂದ. ರಸ್ತೆ ನಿಮ್ಮ ಮಾವನದೇನು ಎಂದು ಅವನ ಪ್ರಶ್ನೆ.

ಲಾರಿಗಳು ನಿಂತವು, ಎಂಜಿನ್ನು ಆರಿದವು. ಟಿಕ್ ಟಿಕ್ ನಿಲ್ಲಲಿಲ್ಲ. ಸಾಹೇಬರು ಎದ್ದು ಹೋಗಿ ತೋಪಿನ ಹಿಂದೆ ನಿಂತಿದ್ದ ನಮ್ಮದೇ ಜೀಪಿನ ಕೀಲಿ ತಿರುಗಿಸಿದರು. ಸದ್ದು ನಿಂತಿತು. ಬ್ಯಾಟರಿ ಚಾರ್ಜ್ ಆಗಲಿ ಎಂದು ಎಂಜಿನ್ ಓಡಿಸಿ ಬಿಡಲು ನಮ್ಮ ಜೀಪಿನ ಡ್ರೈವರಿಗೆ ಹೇಳಿದವನೇ ನಾನು. ಡೀಸೆಲ್ ಲಾರಿಯಲ್ಲಿ ಕಿಡಿ ಹಾರುವ ಪ್ಲಗ್ಗೇ ಇಲ್ಲ, ಪೆಟ್ರೋಲ್ ಜೀಪಿನಲ್ಲಿ ಇದೆ. ಆರು ವರ್ಷ ಬೆಸುಗೆ ಹಾಕಿದವನಿಗೆ ಇದು ಹೊಳೆಯಬೇಕಿತ್ತು.

ಸಾಹೇಬರು ಕನ್ನಡಕ ಒರೆಸಿಕೊಂಡರು. "ಗದ್ದಲ ಬಂದ್ರೆ ನೀನು ಮೊದಲು ಬೇರೆಯವರ ಕಡೆ ನೋಡ್ತೀಯ. ಇದೊಂದು ಅಭ್ಯಾಸ ಬಿಟ್ಬಿಡು. ಇನ್ನೊಂದು ಸಲ ನಿನ್ನ ಕಡೆಯಿಂದಲೇ ಟೇಪ್ ಹಾಳಾದ್ರೆ ನಾನು ಮುಂದುವರಿಕೆ ಬರೆಯೋಕೆ ಆಗಲ್ಲಪ್ಪ" ಅಂದರು.

ಆ ಮಾತು ಎದೆಯಲ್ಲಿ ಕೂತಿತು. ಅಲ್ಲಿಂದ ಮುಂದೆ ತಪ್ಪು ಮಾಡದಿರಬೇಕು ಎಂಬ ಯೋಚನೆಗಿಂತ ಮಾಡಿದ್ದು ಕಾಣಿಸದಿರಬೇಕು ಎಂಬ ಯೋಚನೆಯೇ ಜಾಸ್ತಿಯಾಯಿತು. ಕೆಲಸಕ್ಕೆ ಹೊಸದಾಗಿ ಬರುವವರು ಈ ಜಾಗವನ್ನು ಎರಡು ಸಲ ಓದಿ.

ಅದರ ಮುಂದಿನ ಬೇಸಿಗೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ರಾಯಲ್ಪಾಡಿನ ಕಡೆ ಹೋಗುವ ದಾರಿ, ಎರಡೂ ಕಡೆ ಮಾವಿನ ತೋಟ. ಅಲ್ಲಿ ಅಕ್ಕಯಮ್ಮ ಎಂಬ ಮುದುಕಿ ಇದ್ದಳು. ಪೈರು ನಾಟುವಾಗ, ಕಳೆ ತೆಗೆಯುವಾಗ ಹೇಳುವ ಹಾಡುಗಳು ಅವಳಿಗೆ ಒಂದು ದಿನವೆಲ್ಲ ಹೇಳಿದರೂ ಮುಗಿಯದಷ್ಟು ಬರುತ್ತಿದ್ದವು. ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು. ಸಾಹೇಬರು ಎರಡು ವರ್ಷದಿಂದ ಅವಳನ್ನು ಒಪ್ಪಿಸುತ್ತಿದ್ದರು.

ಆ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಮರದ ಪೆಟ್ಟಿಗೆಯೊಳಗೆ ಒಂದು ರೇಡಿಯೋ ಇತ್ತು. ಊರಿಗೆ ಕರೆಂಟು ಬರುವುದಕ್ಕೂ ಮೊದಲು ಸರ್ಕಾರ ಕೊಟ್ಟಿದ್ದ ವಾಲ್ವ್ ಸೆಟ್ಟು. ಇಟ್ಟಿಗೆಗಿಂತ ದೊಡ್ಡದಾದ ತೊಂಬತ್ತು ವೋಲ್ಟಿನ ಒಣ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟಿದ್ದರು. ಆಗ ನಲವತ್ತೈದರ ವಯಸ್ಸು ಇರಬಹುದು. ಜಮೀನಿರಲಿಲ್ಲ. ಬೀದಿ ದೀಪ ಹಚ್ಚುವುದು, ಕಟ್ಟೆ ಗುಡಿಸುವುದೂ ಅವರದೇ. ಪೆಟ್ಟಿಗೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಊರಿನವರೆಲ್ಲ ಅವರನ್ನು ರೇಡಿಯಪ್ಪ ಅನ್ನುತ್ತಿದ್ದರು. ಸರಿಯಾದ ವೇಳೆಗೆ ಬೀಗ ತೆಗೆದು, ರೈತರ ಕಾರ್ಯಕ್ರಮ, ವಾರ್ತೆ ಹಾಕಿ, ಕೊನೆಗೆ ಎದ್ದು ನಿಂತು ಕನ್ನಡ ಅಷ್ಟಾಗಿ ಬಾರದ ಮುದುಕರಿಗಾಗಿ ಅಷ್ಟನ್ನೂ ತೆಲುಗಿನಲ್ಲಿ ಹೇಳುತ್ತಿದ್ದರು. ದೆಹಲಿಯ ಸುದ್ದಿಯಿಂದ ಹಿಡಿದು ರೇಷ್ಮೆ ಹುಳುವಿನ ರೋಗದವರೆಗೆ ಒಂದೂ ಬಿಡುತ್ತಿರಲಿಲ್ಲ. ಬೇರೆಯವರ ತೋಟದಲ್ಲಿ ಕೂಲಿಗೆ ಬಗ್ಗುತ್ತಿದ್ದ ಮನುಷ್ಯ ಆ ಅರ್ಧ ಗಂಟೆ ಕಟ್ಟೆಯ ಮೇಲೆ ನಿಂತಿರುತ್ತಿದ್ದರು, ಊರಿನ ಯಜಮಾನರು ಕೆಳಗೆ ಕೂತು ಕೇಳುತ್ತಿದ್ದರು.

ರೆಕಾರ್ಡಿಂಗ್ ದಿನ ಸಾಹೇಬರು ನನ್ನನ್ನು ಇಳಿಸಿ, ಶ್ರೀನಿವಾಸಪುರದಲ್ಲಿ ಯಾರನ್ನೋ ನೋಡಲು ಜೀಪಿನಲ್ಲಿ ಹೋದರು. ನಾನು ಸಾಮಾನು ಹರಡಿ ನೋಡಿದರೆ ಕರೆಂಟಿಲ್ಲ. ಟೇಪ್ ಯಂತ್ರ ಟಾರ್ಚಿನ ಸೆಲ್ಲುಗಳಲ್ಲಿ ನಡೆಯುತ್ತಿತ್ತು, ಆದರೆ ಮೈಕಿನ ವಾಲ್ವಿಗೆ ಹೆಚ್ಚು ವೋಲ್ಟು ಬೇಕು. ಇಂಥ ದಿನಕ್ಕೆಂದೇ ಕೊಳ್ಳಿಸಿದ್ದ ಒಣ ಬ್ಯಾಟರಿ ಕೋಲಾರದ ಬೀರುವಿನಲ್ಲಿ ಕೂತಿತ್ತು. ಹೊರಡುವಾಗ ಎತ್ತಿಡಲು ನಾನು ಮರೆತಿದ್ದೆ. ಅಕ್ಕಯಮ್ಮ ಆಗಲೇ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಕೂತಿದ್ದಳು. ಮೈಕನ್ನು ದಿಟ್ಟಿಸಿ, "ಏಮಪ್ಪಾ, ಕೋಲಿನ ಮೇಲೆ ಮುದ್ದೆ ಇಟ್ಟಂಗೈತೆ. ಇದಕ್ಕೆ ಸಾರು ನಾನು ಹೊಯ್ಯಬೇಕಾ?" ಎಂದು ಹೆಂಗಸರನ್ನೆಲ್ಲ ನಗಿಸುತ್ತಿದ್ದಳು.

ನಾನು ರೇಡಿಯಪ್ಪನವರನ್ನು ಕಟ್ಟೆಯ ಹಿಂದೆ ಕರೆದುಕೊಂಡು ಹೋದೆ. "ಅಣ್ಣಾ, ನಿಮ್ಮ ಪೆಟ್ಟಿಗೆ ಬ್ಯಾಟರಿ ಎರಡು ಗಂಟೆ ಕೊಡಿ" ಅಂದೆ.

"ಅಯ್ಯೋ ಸಾಮಿ, ಅದು ಸರ್ಕಾರದ್ದು. ಹೊರಗೆ ಕೊಟ್ಟೆ ಅಂತ ಗೊತ್ತಾದ್ರೆ ನನ್ನ ತೆಗೆದುಬಿಡ್ತಾರೆ."

"ನಾನು ಮರೆತು ಬಂದೆ ಅಂತ ಗೊತ್ತಾದ್ರೆ ನನ್ನನ್ನೂ ತೆಗೆದುಬಿಡ್ತಾರೆ ಅಣ್ಣಾ. ಯಾರಿಗೂ ಹೇಳಬೇಡಿ. ಏನಾದ್ರೂ ಆದ್ರೆ ನಾನಿದ್ದೀನಿ."

ಅವರು ಬಗ್ಗಿ ಕಟ್ಟೆಯ ಮುಂದೆ ಕೂತಿದ್ದ ಅಕ್ಕಯಮ್ಮನ ಕಡೆ ನೋಡಿದರು. ಆಮೇಲೆ, "ಅಕ್ಕಯಮ್ಮ ಇವತ್ತು ಹಾಡ್ತಾಳೆ, ನಾಳೆ ಅಂದ್ರೆ ಹಾಡೋಳಲ್ಲ ಬಿಡಿ" ಎಂದು ಉಡಿದಾರದಿಂದ ಕೀಲಿ ಬಿಚ್ಚಿದರು. ಬ್ಯಾಟರಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ತಂದರು. ಅದನ್ನು ಗೋಣಿಚೀಲದ ಕೆಳಗೆ ಇಟ್ಟು ಮೈಕಿಗೆ ಜೋಡಿಸಿದೆ. ವಾಲ್ವು ಬಿಸಿಯಾಗಲು ಮೋಟಾರ್ ಸೈಕಲ್ಲಿಗೆ ಹಾಕುವಂಥ ಸಣ್ಣ ಬ್ಯಾಟರಿ ನಮ್ಮ ಸಾಮಾನಿನಲ್ಲೇ ಇತ್ತು.

ಈ ಗಡಿಬಿಡಿಯಲ್ಲಿ ಇನ್ನೆರಡು ತಪ್ಪು ಮಾಡಿದೆ. ಬರುವಾಗ ಜೀಪಿನಲ್ಲಿ ಮೈಕಿನ ಪ್ಲಗ್ಗು ಪೆಟ್ಟಿಗೆಯ ಮುಚ್ಚಳಕ್ಕೆ ಸಿಕ್ಕಿ ಎಳೆದಿತ್ತು. ಬಿಚ್ಚಿ ನೋಡದೆ ಮೇಲೆ ಅಂಟು ಟೇಪು ಸುತ್ತಿದೆ. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ಅರ್ತಿನ ಗೂಟ ಹೊಡೆಯಲಿಲ್ಲ.

ಇನ್ನೇನು ಶುರುಮಾಡಬೇಕು, ಪಂಚಾಯ್ತಿ ಛೇರ್ಮನ್ನರು ಬಂದರು. ದೊಡ್ಡ ಆಳು, ಬಿಳಿ ಪಂಚೆ. ಕುರ್ಚಿ ಹಾಕಿಸಿದೆವು. "ಕಿವಿಗೆ ಹಾಕ್ಕೊಳ್ಳೋದು ಅದೇನಪ್ಪಾ, ಕೊಡು ನೋಡಾನ" ಎಂದು ಹೆಡ್‌ಫೋನು ಕೇಳಿದರು. ಕೊಟ್ಟೆ. ನಮ್ಮ ಹತ್ತಿರ ಇದ್ದದ್ದು ಅದೊಂದೇ. ಅಕ್ಕಯಮ್ಮ ಹಾಡಲು ಶುರುಮಾಡಿದಳು. ಛೇರ್ಮನ್ನರು ಕಣ್ಣುಮುಚ್ಚಿ ತಲೆದೂಗಿದರು, ಹೆಡ್‌ಫೋನು ತೆಗೆಯಲಿಲ್ಲ. ಊರಿನ ಮುಖ್ಯಸ್ಥರ ತಲೆಯ ಮೇಲಿರುವುದನ್ನು ಕೈಹಾಕಿ ಕಿತ್ತುಕೊಳ್ಳುವುದು ಹೇಗೆ? ಒಂದು ಗಂಟೆ ನಾನು ಟೇಪ್ ಯಂತ್ರದ ಮೀಟರಿನ ಮುಳ್ಳು ಅಲ್ಲಾಡುವುದನ್ನು ಮಾತ್ರ ನೋಡುತ್ತಾ ಕೂತೆ. ರೇಡಿಯಪ್ಪ ಖಾಲಿ ಪೆಟ್ಟಿಗೆಗೆ ಬೀಗ ಹಾಕಿ, ಅದರ ಮುಂದೆಯೇ ಕೂತು ಹಾಡು ಕೇಳಿದರು. ಆ ಮಧ್ಯಾಹ್ನ ಅವರ ಕಾರ್ಯಕ್ರಮವೂ ಇರಲಿಲ್ಲ, ತೆಲುಗಿನ ಮಾತೂ ಇರಲಿಲ್ಲ. ಹಾಡು ಮುಗಿದ ಮೇಲೆ ಬ್ಯಾಟರಿ ಟವೆಲ್ಲಿನಲ್ಲಿ ವಾಪಸು ಹೋಯಿತು.

ಮರುದಿನ ಕೋಲಾರದಲ್ಲಿ ಟೇಪು ಹಾಕಿದೆವು. ಅಕ್ಕಯಮ್ಮನ ದನಿ ತುಂಬಿಕೊಂಡು ಬಂತು. ಎರಡನೆಯ ಹಾಡಿನಿಂದ ಅವಳ ಹಿಂದೆ ಒಬ್ಬ ಗಂಡಸು ಮಾತಾಡತೊಡಗಿದ. ಹಿಪ್ಪುನೇರಳೆಗೆ ಗೊಬ್ಬರ ಎಷ್ಟು ಹಾಕಬೇಕು ಎಂದು ಸಾವಧಾನವಾಗಿ ಓದುತ್ತಿದ್ದ. ಆಮೇಲೆ ಸಂಗೀತ, ಆಮೇಲೆ ವಾರ್ತೆ. ಕೊನೆಯವರೆಗೂ ಇತ್ತು.

ಸಾಹೇಬರು ಟೇಪು ನಿಲ್ಲಿಸಿದರು. "ಪ್ಲಗ್ ನೋಡಿದ್ಯಾ?"

"ನೋಡಿದ್ದೆ ಸಾರ್."

"ಅರ್ತು?"

"ಕೊಟ್ಟಿದ್ದೆ ಸಾರ್."

"ಹೆಡ್‌ಫೋನಲ್ಲಿ ಕೇಳಲಿಲ್ವಾ?"

"ಛೇರ್ಮನ್ರು ಹಾಕ್ಕೊಂಡಿದ್ರು ಸಾರ್." ಇದೊಂದೇ ನಿಜ ಹೇಳಿದ್ದು. ಸಾಹೇಬರು ಕನ್ನಡಕಕ್ಕೆ ಕೈಹಾಕಿದರು. ಆಗ ನನ್ನ ಬಾಯಿಂದ ಬಂತು: "ಅಲ್ಲಿ ಪಂಚಾಯ್ತಿ ರೇಡಿಯೋ ಒಂದಿದೆ ಸಾರ್. ಅವರು ಹಾಕಿರ್ಬೇಕು."

ಕಿವಿ ಪಳಗಿದವನಿಗೆ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ದೂರದಲ್ಲಿ ನಿಜವಾಗಿ ರೇಡಿಯೋ ಹಾಡುತ್ತಿದ್ದರೆ ಅದರ ದನಿಗೆ ಗೋಡೆ, ಬಯಲು, ಗಾಳಿ ಅಂಟಿಕೊಂಡಿರುತ್ತವೆ. ತಂತಿಯೊಳಗಿಂದ ಬಂದದ್ದು ಒಣಗಿರುತ್ತದೆ, ಎಲ್ಲೂ ನಿಂತು ಮಾತಾಡಿದಂತೆ ಇರುವುದಿಲ್ಲ. ಆ ಗಂಡಸಿನ ದನಿ ಒಣಗಿತ್ತು. ನನಗೆ ಗೊತ್ತಾಯಿತು. ಸಾಹೇಬರಿಗೂ ಅನುಮಾನ ಬಂದಿರಬೇಕು. "ನಿನ್ನ ಮಾತಿನ ಮೇಲೆ ಬರೀತೀನಿ ನೋಡು" ಅಂದರು. "ಬರೀರಿ ಸಾರ್" ಅಂದೆ. ಆ ರೇಡಿಯೋಕ್ಕೆ ಬ್ಯಾಟರಿಯೇ ಇರಲಿಲ್ಲ, ಅದು ನನ್ನ ಕಾಲಿನ ಹತ್ತಿರ ಗೋಣಿಚೀಲದ ಕೆಳಗಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ವಾರದಲ್ಲಿ ಸಾಹೇಬರು ನನ್ನನ್ನು ಕರೆದುಕೊಂಡು ಮತ್ತೆ ಆ ಊರಿಗೆ ಹೋದರು. ಪಂಚಾಯ್ತಿ ಕಟ್ಟೆಯಲ್ಲಿ ಹತ್ತಾರು ಜನ. ಸಾಹೇಬರು ಮೆತ್ತಗೆ ವಿಷಯ ಹೇಳಿದರು. ಛೇರ್ಮನ್ನರು ತೊಡೆ ತಟ್ಟಿಕೊಂಡರು.

"ಹೌದಲ್ಲ! ನಾನೇ ಕಿವಿಯಾರೆ ಕೇಳಿದ್ನಲ್ಲ ಸ್ವಾಮಿ. ಗೊಬ್ಬರ ಅಂತಿದ್ದ, ವಾರ್ತೆ ಅಂತಿದ್ದ. ಮಿಷನ್ನೇ ಹಂಗೇನೋ ಅಂದ್ಕೊಂಡೆ. ಲೇ ರೇಡಿಯಪ್ಪ! ಏನ್ಲಾ, ರೇಡಿಯೋ ಹಾಕಬೇಡ ಅಂತ ಹೇಳಿರ್ಲಿಲ್ವಾ?"

"ಹಾಕಿರ್ಲಿಲ್ಲ ಸಾಮಿ. ಬೀಗ ಹಾಕಿ ಮುಂದೇನೇ ಕೂತಿದ್ದೆ. ಎಲ್ರೂ ನೋಡವ್ರೆ."

"ಒಳಗೆ ಹಾಡೋಕೆ ಬಿಟ್ಟು ಬೀಗ ಹಾಕಿದ್ರೆ? ಮೆತ್ತಗೆ ಇಟ್ಟು ನೀನೊಬ್ನೇ ಕೇಳ್ತಿದ್ದೆ ಅಂತೀನಿ. ಒಂದು ದಿನ ವಾರ್ತೆ ಬಿಟ್ರೆ ನಿಂಗೆ ಅನ್ನ ಇಳಿಯಲ್ಲ, ಊರಿಗೆಲ್ಲ ಗೊತ್ತು."

ಯಾರೋ ನಕ್ಕರು. ರೇಡಿಯಪ್ಪ ನನ್ನ ಕಡೆ ತಿರುಗಿದರು. ಬ್ಯಾಟರಿ ಇರಲಿಲ್ಲ ಎಂಬ ಒಂದು ಮಾತು ಅವರ ಬಾಯಲ್ಲೇ ಇತ್ತು. ಅದನ್ನು ಆಡಿದರೆ ಸರ್ಕಾರದ ಸಾಮಾನು ಹೊರಗೆ ಕೊಟ್ಟ ತಪ್ಪು ಅವರದಾಗುತ್ತಿತ್ತು, ಮರೆತು ಬಂದ ತಪ್ಪು ನನ್ನದಾಗುತ್ತಿತ್ತು. ಅವರು ಯಾರಿಗೂ ಹೇಳುವುದಿಲ್ಲವೆಂದು ಒಪ್ಪಿದ್ದರು, ಒಪ್ಪಿದ್ದನ್ನು ನಡೆಸಿದರು. ನಾನಿದ್ದೀನಿ ಎಂದವನು ಅಲ್ಲೇ, ಮೂರು ಮಾರು ದೂರದಲ್ಲಿ ನಿಂತಿದ್ದೆ. ಮೈಕಿನ ಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ನೀವೇನಂತೀರಪ್ಪ?" ಛೇರ್ಮನ್ನರು ನನ್ನನ್ನೇ ಕೇಳಿದರು.

"ಮೈಕು ಸರಿಯಾಗಿತ್ತು" ಅಂದೆ.

ರೇಡಿಯಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟರು. ಬೀದಿ ದೀಪದ ಕೆಲಸವೂ ಅದರ ಜೊತೆಯಲ್ಲೇ ಹೋಯಿತು.

ಕೋಲಾರಕ್ಕೆ ಬಂದ ಮರುದಿನ ಮಧ್ಯಾಹ್ನ, ರೇಡಿಯೋ ಕೇಂದ್ರ ನಡೆಯುವ ಹೊತ್ತಿಗೆ, ಕೋಣೆಯ ಬಾಗಿಲು ಹಾಕಿಕೊಂಡು ಮೈಕು ಜೋಡಿಸಿದೆ. ಪ್ಲಗ್ಗಿನ ಮೇಲೆ ಬೆರಳಿಟ್ಟು ಒತ್ತಿದರೆ ಸದ್ದಿಲ್ಲ, ಬಿಟ್ಟರೆ ಹೆಡ್‌ಫೋನಿನಲ್ಲಿ ವಾರ್ತೆ. ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಅಂಟು ಟೇಪು ಬಿಚ್ಚಿ ನೋಡಿದೆ. ಜಾಲರಿಯೆಲ್ಲ ಕಿತ್ತು ಒಂದೇ ಒಂದು ಎಳೆ ತಗಲಿಕೊಂಡಿತ್ತು. ಅವತ್ತು ಸುತ್ತಲೂ ಬಳೆಯ ಹಾಗೆ ಬೆಸೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬೆಸುಗೆ ಹಾಕಿರಲಿಲ್ಲ. ಸಾಹೇಬರ ಕೋಣೆ ಹದಿನೈದು ಹೆಜ್ಜೆ ದೂರ. ಹೋಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಹೇಬರು ಅಕ್ಕಯಮ್ಮನನ್ನು ಕಾಡಿಬೇಡಿ ಇನ್ನೊಮ್ಮೆ ಹಾಡಿಸಿದರು. ಈ ಸಲ ಬ್ಯಾಟರಿ ತಂದಿದ್ದೆ, ಗೂಟ ಹೊಡೆದಿದ್ದೆ, ಹೆಡ್‌ಫೋನು ನನ್ನ ಕಿವಿಯಲ್ಲೇ ಇತ್ತು. ರೇಡಿಯೋ ಪೆಟ್ಟಿಗೆಗೆ ಛೇರ್ಮನ್ನರ ತಮ್ಮನ ಮಗ ಬೀಗ ಹಾಕಿ ಕೂತಿದ್ದ. ಟೇಪು ಕನ್ನಡಿಯಂತೆ ಬಂತು. ಛೇರ್ಮನ್ನರು ಎಲ್ಲರಿಗೂ ಕೇಳುವಂತೆ, "ನೋಡಿದ್ರಾ? ಕೈ ಬದಲಾಯಿಸಿದ ಕೂಡ್ಲೆ ಎಂಗೆ ಸರಿಹೋಯ್ತು!" ಅಂದರು. ನನ್ನ ಬೆಸುಗೆಯೇ ರೇಡಿಯಪ್ಪನವರ ಮೇಲಿನ ಆಪಾದನೆಗೆ ಸಾಕ್ಷಿಯಾಯಿತು. ಅಕ್ಕಯಮ್ಮ ಮಾತ್ರ ಎದ್ದು ಹೋಗುವಾಗ ನನ್ನ ಮುಖ ನೋಡಿ, "ಅವನು ಕೂತು ಕೇಳಿದ್ರೆ ನಂಗೆ ಹಾಡೋಕೆ ಚೆಂದಾಗಿರ್ತಿತ್ತು" ಅಂದಳು. ಸಾಹೇಬರು ಆ ತಿಂಗಳು ಮುಂದುವರಿಕೆಯ ಸಾಲು ಬರೆದರು. ಮರುವರ್ಷ ಕೆಲಸ ಖಾಯಮ್ಮಾಯಿತು.

ಎಂಬತ್ತರ ದಶಕ ಬರುವಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ವಾಲ್ವಿಲ್ಲದ ಸಣ್ಣ ಮೈಕು ಬಂದವು, ದೊಡ್ಡ ರೀಲು ಹೋಗಿ ಕ್ಯಾಸೆಟ್ಟು ಬಂತು. ದಪ್ಪ ಮೈಕು ಬೀರು ಸೇರಿತು. ರೇಡಿಯೋ ನುಗ್ಗುವುದು ಕಡಿಮೆಯಾಯಿತು, ಆದರೆ ನನಗೆ ಹೆಡ್‌ಫೋನು ಹಾಕಿದರೆ ಹಾಡಿನ ಹಿಂದೆ ಯಾರೋ ಮಾತಾಡಿದಂತೆ ಅನ್ನಿಸುವುದು ನಿಲ್ಲಲಿಲ್ಲ. ಒಂದೇ ಟೇಪನ್ನು ನಾಲ್ಕು ಸಲ ಕೇಳುತ್ತಿದ್ದೆ. ಜೊತೆಯವರು ಇದನ್ನು ಶ್ರದ್ಧೆ ಎಂದು ಹೊಗಳುತ್ತಿದ್ದರು.

ಆ ವರ್ಷಗಳಲ್ಲೇ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಗೆ ಭಜನೆ ರೆಕಾರ್ಡ್ ಮಾಡಲು ಹೋದೆ. ಗೇಟಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ಒಬ್ಬರು ಕೂತಿದ್ದರು. ತಲೆ ನೆರೆತಿತ್ತು. ಗುರುತು ಹಿಡಿದದ್ದು ಅವರೇ.

"ಸಾಮೀ, ಚೆನ್ನಾಗಿದ್ದೀರಾ? ಮಗಳನ್ನ ಈ ಊರಿಗೇ ಕೊಟ್ಟೆ. ಇಲ್ಲೇ ವಾಚ್‌ಮನ್ ಆಗಿದ್ದೀನಿ."

"ಚೆನ್ನಾಗಿದ್ದೀನಿ ಅಣ್ಣಾ" ಅಂದೆ.

"ಆ ಮುದ್ದೆ ಮೈಕು ಐತಾ ಇನ್ನೂ?"

"ಐತೆ. ಬೀರುವಲ್ಲಿ ಇಟ್ಟಿದ್ದೀವಿ."

"ರೇಡಿಯೋ ಹಿಡಿಯೋದು ನಿಂತ್ತಾ ಅದಕ್ಕೆ?"

ನಾನು ಸಾಮಾನಿನ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಕಾಯಿಲೆಯಾಗಿದ್ದ ದನ ಹೇಗಿದೆ ಎಂದು ಕೇಳಿದ ಹಾಗಿತ್ತು.

"ನಂಗೆ ಅವತ್ತೇ ಗೊತ್ತಿತ್ತು ಸಾಮಿ. ಬ್ಯಾಟರಿ ನಿಮ್ಮತ್ರ ಇದ್ರೆ ಪೆಟ್ಟಿಗೆ ಎಂಗೆ ಮಾತಾಡ್ತದೆ? ಆ ಮೈಕಿಗೇ ಏನೋ ಆಗಿರ್ಬೇಕು ಅಂದ್ಕೊಂಡೆ. ನೀವೂ ಹೆದರ್ಕೊಂಡಿದ್ರಿ, ವಯಸ್ಸು ಸಣ್ಣದು. ಇವತ್ತಲ್ಲ ನಾಳೆ ಬಂದು ಛೇರ್ಮನ್ನರಿಗೆ ಒಂದು ಮಾತು ಹೇಳ್ತೀರ ಅಂತ ಒಂದು ವರ್ಷ ನೋಡಿದೆ. ಆಮೇಲೆ ಈ ಕಡೆ ಬಂದ್ಬಿಟ್ಟೆ."

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಒಬ್ಬ ಮನುಷ್ಯನಿಗೆ ಸಿಗುವುದಿಲ್ಲ. ಬಾಗಿಲನ್ನು ಅವರೇ ತೆರೆದಿಟ್ಟಿದ್ದರು. ತಪ್ಪಾಯಿತು ಎನ್ನುವುದಷ್ಟೇ ಬಾಕಿ. ಅಷ್ಟರಲ್ಲಿ ಒಳಗಿನಿಂದ ಭಜನೆಯವರು ಕೂಗಿದರು. ನನಗೆ ಜೀವ ಬಂದಂತಾಯಿತು.

"ರೆಕಾರ್ಡಿಂಗ್ ಮುಗಿಸಿಕೊಂಡು ಬರ್ತೀನಿ ಅಣ್ಣಾ, ಕೂತು ಮಾತಾಡಾನ" ಅಂದೆ.

"ಬನ್ನಿ ಸಾಮಿ, ಇಲ್ಲೇ ಇರ್ತೀನಿ. ಟೀ ತರಿಸ್ತೀನಿ."

ರೆಕಾರ್ಡಿಂಗ್ ಮುಗಿಯಿತು. ಕಾರ್ಖಾನೆಯ ಹಿಂದೆ ಮಣ್ಣಿನ ಗಾಡಿಗಳು ಬರುವ ಇನ್ನೊಂದು ದಾರಿ ಇತ್ತು. ಸಾಮಾನು ಹೊತ್ತುಕೊಂಡು ಆ ಕಡೆಯಿಂದ ಹೊರಬಿದ್ದು ಕೋಲಾರದ ಬಸ್ಸು ಹಿಡಿದೆ. ಅವರು ಟೀ ತರಿಸಿ ಎಷ್ಟು ಹೊತ್ತು ಕಾದರೋ ಗೊತ್ತಿಲ್ಲ.

ಮತ್ತೆ ಮಾಲೂರಿಗೆ ಹೋಗಲು ಧೈರ್ಯ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಗೇಟಿನಲ್ಲಿ ಬೇರೆಯವರಿದ್ದರು. ಆ ವಾಚ್‌ಮನ್ ತಾತನಾ, ತೀರಿಕೊಂಡು ಎರಡು ವರ್ಷ ಆಯ್ತಲ್ಲ ಅಂದರು. ಮಗಳ ಮನೆ ತೋರಿಸುತ್ತೇವೆ ಬನ್ನಿ ಅಂದರು. ಬೇಡ ಅಂದೆ. ಅಲ್ಲಿಗೂ ಹೋಗಲಿಲ್ಲ.

ಅಕ್ಕಯಮ್ಮನ ಟೇಪು ಈಗಲೂ ಇದೆ. ಕೇಳಿದವರೆಲ್ಲ ಎಷ್ಟು ಶುದ್ಧವಾಗಿದೆ ಅನ್ನುತ್ತಾರೆ. ಅದರ ಪೆಟ್ಟಿಗೆಯ ಮೇಲೆ ಅವಳ ಹೆಸರಿದೆ, ಸಾಹೇಬರ ಹೆಸರಿದೆ, ನನ್ನ ಹೆಸರಿದೆ. ಮೊದಲ ಟೇಪು ಏಕೆ ಕೆಟ್ಟಿತು ಎಂಬ ಕಾಗದದಲ್ಲಿ "ರೇಡಿಯೋ ನೋಡಿಕೊಳ್ಳುವವನ ನಿರ್ಲಕ್ಷ್ಯದಿಂದ" ಎಂದಿದೆ. ಅಲ್ಲೂ ಹೆಸರು ಬರೆದಿಲ್ಲ. ನಿರ್ಲಕ್ಷ್ಯ ಮಾಡಿದವನು ನಾನು. ಬ್ಯಾಟರಿ ಕೊಟ್ಟು, ಮಾತು ಉಳಿಸಿಕೊಂಡು, ಕೀಲಿ ಇಟ್ಟು ಹೋದವರು ಕದಿರಪ್ಪ.